ಧರ್ಮೇಂದ್ರ ಮಾರಿದ ಇಪ್ಪತ್ತನೆಯ ಕಾರ್ಡು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾನು ಕೆಲಸ ಮಾಡುವ ಅಂಗಡಿಗೆ ಧರ್ಮೇಂದ್ರ ಸೇರಿದಾಗ ಅವನಿಗೆ ಇಪ್ಪತ್ತಾರು ವರ್ಷ. ಟಿವಿ, ಮೊಬೈಲು, ಸ್ಪೀಕರು ಮಾರುವ ಎರಡಂತಸ್ತಿನ ಅಂಗಡಿ. ಮೇಲಿನ ಮಹಡಿಯಲ್ಲಿ ವಿಡಿಯೊ ಗೇಮ್ ವಿಭಾಗ, ಅದರ ಎದುರಿಗೇ ನನ್ನ ಬಿಲ್ಲಿಂಗ್ ಕೌಂಟರು. ಹಾಗಾಗಿ ಮೂರು ವರ್ಷ ಅವನು ಆಡಿದ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ.

ಅವನ ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ. ಅಪ್ಪ ಉಜ್ಜನಪ್ಪ ಗುತ್ತಿಗೆ ಕೆಲಸ ಮಾಡುತ್ತಿದ್ದವರು, ಮಂಡಿನೋವು ಜೋರಾದ ಮೇಲೆ ಮನೆಯಲ್ಲೇ ಇದ್ದರು. ಧರ್ಮೇಂದ್ರ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಬೆಳಿಗ್ಗೆ ಸೀಟು ಸಿಗುತ್ತಿರಲಿಲ್ಲ, ಸಂಜೆಯಂತೂ ಕೇಳುವುದೇ ಬೇಡ.

ಅವನಷ್ಟು ಚೆನ್ನಾಗಿ ಆಟ ಬಲ್ಲವರನ್ನು ನಾನು ನೋಡಿಲ್ಲ. ಹೈಸ್ಕೂಲಿನಲ್ಲಿದ್ದಾಗ ಗಂಟೆಗೆ ಹತ್ತು ರೂಪಾಯಿ ಕೊಟ್ಟು ಗೇಮ್ ಪಾರ್ಲರಿನಲ್ಲಿ ಆಡಿ ಕಲಿತದ್ದು. ಸ್ವಂತಕ್ಕೆ ಆಟದ ಯಂತ್ರ ಕೊಳ್ಳುವ ತಾಕತ್ತು ಯಾವತ್ತೂ ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಯಂತ್ರದಲ್ಲೇ, ಮಧ್ಯಾಹ್ನ ಜನ ಕಡಿಮೆ ಇದ್ದಾಗ, ಹೊಸ ಆಟಗಳನ್ನೆಲ್ಲ ನಿಂತುಕೊಂಡೇ ಆಡುತ್ತಿದ್ದ. ಕೂತು ಆಡಿದರೆ ಯಜಮಾನರು ಬೈಯುತ್ತಿದ್ದರು.

ಅವನು ಸೇರಿದ ಮೂರನೇ ವರ್ಷದ ದಸರಾ ಹೊತ್ತಿಗೆ ನಮ್ಮ ಯಜಮಾನ ರವಿಶಂಕರ್ ಹೊಸ ಸ್ಕೀಮ್ ತಂದರು. ಹೊಸ ಆಟದ ಡಿಸ್ಕ್ ಒಂದಕ್ಕೆ ನಾಲ್ಕೈದು ಸಾವಿರ ಬೀಳುತ್ತದೆ, ಎಲ್ಲರಿಗೂ ಕೊಳ್ಳಲಾಗುವುದಿಲ್ಲ. ಅದಕ್ಕೇ ಬಾಡಿಗೆ ಕಾರ್ಡು. ತಿಂಗಳಿಗೆ ಆರುನೂರು ರೂಪಾಯಿ ಕಟ್ಟಿದರೆ ಒಂದು ಸಲಕ್ಕೆ ಒಂದು ಡಿಸ್ಕ್ ಮನೆಗೆ ಒಯ್ಯಬಹುದು. ಅದನ್ನು ವಾಪಸ್ ಕೊಟ್ಟು ಇನ್ನೊಂದು ಒಯ್ಯಬಹುದು, ಎಷ್ಟು ಸಲ ಬೇಕಾದರೂ. ವರ್ಷದ ಕಾರ್ಡಾದರೆ ಐದು ಸಾವಿರ.

ಆ ಕಾರ್ಡು ಕೊಳ್ಳಲು ಬಂದವರಲ್ಲಿ ಹೆಂಗಸರು ಒಬ್ಬರೇ. ಹೊಸಮನೆ ಬಡಾವಣೆಯ ಸೀತಾಲಕ್ಷ್ಮಿ ಟೀಚರ್. ಹೊಳೆಹೊನ್ನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಅರವತ್ತು ದಾಟಿತ್ತು. ಕಾಟನ್ ಸೀರೆ, ಹೆಗಲಿಗೆ ಬಟ್ಟೆಚೀಲ. ಮೊಮ್ಮಗನಿಗೆ ಇರಬೇಕು ಎಂದುಕೊಂಡು ಧರ್ಮೇಂದ್ರ, "ಹುಡುಗನಿಗೆ ಎಷ್ಟು ವಯಸ್ಸು ಮೇಡಂ?" ಎಂದು ಕೇಳಿದ.

"ಹುಡುಗ ಯಾರೂ ಇಲ್ಲಪ್ಪ. ನಾನೇ ಆಡೋದು."

ನಾನು ಬಿಲ್ಲು ಹೊಡೆಯುವುದನ್ನು ನಿಲ್ಲಿಸಿ ನೋಡಿದೆ. ಧರ್ಮೇಂದ್ರ ಮಾತ್ರ ನಗಲಿಲ್ಲ. "ಎಂಥ ಆಟ ಇಷ್ಟ?" ಎಂದ.

ಅವರು ಮದುವೆಯಾದವರಲ್ಲ. ತೊಂಬತ್ತರ ಹತ್ತಿರದ ತಾಯಿ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು, ಊಟ ಮಾಡಿಸಬೇಕು. ತಮ್ಮನ ಮಗ ಬೇಜಾರಾಯಿತೆಂದು ಬಿಟ್ಟುಹೋದ ಆಟದ ಯಂತ್ರವನ್ನು ಒಂದು ದಿನ ಸುಮ್ಮನೆ ಹಚ್ಚಿದ್ದರಂತೆ. ಕುದುರೆ ಹತ್ತಿ ಹಿಮದ ಬೆಟ್ಟದಲ್ಲಿ ಹೋಗುವ ಆಟವಂತೆ. "ಗೇಟು ದಾಟೋ ಹಾಗಿಲ್ಲ ನೋಡು ನಾನು. ಅದರೊಳಗೆ ಎಷ್ಟು ದೂರ ಬೇಕಾದ್ರೂ ಹೋಗ್ಬಹುದು. ಹೊಡೆದಾಟದ್ದು ಬೇಡ, ಸುತ್ತಾಡೋದು ಕೊಡು," ಎಂದರು. ಶನಿವಾರ ಮಾತ್ರ ಪಕ್ಕದ ಮನೆಯ ಹಾಲಮ್ಮ ಒಂದೂವರೆ ಗಂಟೆ ತಾಯಿಯ ಹತ್ತಿರ ಕೂರುತ್ತಿದ್ದಳು. ಅಷ್ಟರಲ್ಲಿ ಪೇಟೆಯ ಕೆಲಸವೆಲ್ಲ ಮುಗಿಯಬೇಕು.

ಕಾರ್ಡಿನ ವಿಷಯ ಬಂದಾಗ ಟೀಚರ್ ಚೀಲದಿಂದ ಪೆನ್ನು ತೆಗೆದರು. "ಹಳೇ ಡಿಸ್ಕ್ ಎರಡು ಸಾವಿರಕ್ಕೆ ತಗೊಂಡು, ಆಡಿ ಮುಗಿಸಿ, ಸಾವಿರದ ಐನೂರಕ್ಕೆ ಮಾರಿದ್ರೆ ಒಂದು ಆಟಕ್ಕೆ ಐನೂರು ಬಿತ್ತು. ನಿನ್ನ ಕಾರ್ಡು ತಿಂಗಳಿಗೆ ಆರುನೂರು. ತಿಂಗಳಿಗೆ ಒಂದೇ ಮುಗಿಸಿದ್ರೆ ನನಗೆ ನೂರು ರೂಪಾಯಿ ನಷ್ಟ. ಎರಡು ಮುಗಿಸಿದ್ರೆ ನಾನೂರು ಲಾಭ. ಹೌದೋ ಅಲ್ವೋ?"

"ಹೌದು ಟೀಚರ್. ಆದ್ರೆ ಒಂದು ಬಿಟ್ರಿ. ಆಟ ಇಷ್ಟಾನೇ ಆಗ್ಲಿಲ್ಲ ಅಂದ್ರೆ? ದುಡ್ಡು ಕೊಟ್ಟು ತಗೊಂಡಿದ್ದು ಅಂತ ಕಷ್ಟಪಟ್ಟು ಆಡ್ತೀರ. ಕಾರ್ಡಾದ್ರೆ ಮುಂದಿನ ಶನಿವಾರ ತಂದು ಬಿಸಾಕಿ, ಬೇರೆ ತಗೊಂಡು ಹೋಗಿ."

ಟೀಚರ್ ತಲೆಯಾಡಿಸಿದರು. "ಸರಿ. ವರ್ಷದ್ದೇ ಕೊಡು ಹಾಗಾದ್ರೆ."

"ಬೇಡ ಟೀಚರ್. ಮೊದಲು ಒಂದು ತಿಂಗಳು ನೋಡಿ. ನಿಮಗೆ ಟೈಮ್ ಸಿಗುತ್ತೋ ಇಲ್ವೋ. ವರ್ಷದ್ದು ಯಾವಾಗ ಬೇಕಾದ್ರೂ ತಗೋಬಹುದು."

ವರ್ಷದ ಕಾರ್ಡು ಮಾರಿದರೆ ಅವನಿಗೆ ನೂರೈವತ್ತು ರೂಪಾಯಿ ಕಮಿಷನ್ ಇತ್ತು, ತಿಂಗಳದ್ದಕ್ಕೆ ಏನೂ ಇರಲಿಲ್ಲ. ಅದು ಟೀಚರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಳ್ಳೆಯ ಹುಡುಗ ಎಂದು ಅವತ್ತು ಅಂದುಕೊಂಡೆ.

ಆಮೇಲೆ ಐದು ತಿಂಗಳು ಪ್ರತಿ ಶನಿವಾರ ಹನ್ನೊಂದಕ್ಕೆ ಟೀಚರ್ ಬರುತ್ತಿದ್ದರು. ಬಂದವರು ಮೊದಲು ಆಟದಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಹೇಳುತ್ತಿದ್ದರು. "ಆ ಸೇತುವೆ ದಾಟೋಕೇ ಆಗ್ತಿಲ್ಲ ಮಾರಾಯ," ಎನ್ನುವರು. ಧರ್ಮೇಂದ್ರ ಅಂಗಡಿಯ ಯಂತ್ರದಲ್ಲಿ ಅದೇ ಸೇತುವೆ ತೆಗೆದು, ನಿಧಾನಕ್ಕೆ ಎರಡು ಸಲ ದಾಟಿ ತೋರಿಸುವನು. ಅವನ ಆಟವನ್ನು ಗೌರವದಿಂದ ನೋಡಿದವರು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಸಲ ಚಕ್ಕುಲಿ ತಂದುಕೊಟ್ಟರು. ಐದು ತಿಂಗಳಲ್ಲಿ ಅವರು ಒಂಬತ್ತು ಆಟ ಮುಗಿಸಿದರು.

ಫೆಬ್ರವರಿಯ ಕೊನೆಯ ವಾರ ಯಜಮಾನರು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಮ್ಮನ್ನೆಲ್ಲ ಕರೆದರು. ಹೊಸ ಡಿಸ್ಕ್ ತರಿಸಿ ಬಾಡಿಗೆಗೆ ಬಿಡುವುದು ಗಿಟ್ಟುತ್ತಿಲ್ಲ, ಮಾರ್ಚ್ ಮೂವತ್ತೊಂದಕ್ಕೆ ಸ್ಕೀಮ್ ಬಂದ್ ಎಂದರು. ಅಲ್ಲಿಯವರೆಗೆ ವರ್ಷದ ಕಾರ್ಡು ಎಷ್ಟಾಗುತ್ತೋ ಅಷ್ಟು ಮಾರಬೇಕು.

"ಬಂದ್ ಮಾಡೋದಿದ್ರೆ ವರ್ಷದ್ದು ಹೆಂಗ್ ಸರ್ ಮಾರೋದು?" ಧರ್ಮೇಂದ್ರನೇ ಕೇಳಿದ.

"ಕಾರ್ಡಿನ ಹಿಂದೆ ಪ್ರಿಂಟ್ ಆಗಿದೆ, ಓದ್ಕೋ. ಸ್ಕೀಮ್ ಯಾವಾಗ ಬೇಕಾದ್ರೂ ನಿಲ್ಸೋ ಹಕ್ಕು ನಮಗಿದೆ. ಇನ್ನೊಂದು ಕೇಳು. ಜೂನಿಗೆ ಭದ್ರಾವತಿಯಲ್ಲಿ ಬ್ರಾಂಚ್ ತೆಗೀತಿದ್ದೀನಿ. ಇಪ್ಪತ್ತು ಕಾರ್ಡು ಮಾರಿದವನೇ ಅಲ್ಲಿ ಇನ್‌ಚಾರ್ಜ್."

ಧರ್ಮೇಂದ್ರ ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ನನಗೆ ಹೇಳಿದ: "ಬ್ರಾಂಚ್ ಆದ್ರೆ ಮನೆಯಿಂದ ನಡ್ಕೊಂಡೇ ಹೋಗ್ಬಹುದು. ಅಪ್ಪನ್ನ ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ ಅಮ್ಮನ ಕೈಲಿ ಆಗಲ್ಲ ಈಗ. ಮಧ್ಯ ಒಂದು ಸಲ ಹೋಗಿ ಬಂದ್ರೆ ಸಾಕಿತ್ತು ಭೂಮಿಕಾ."

ಮಾರ್ಚ್ ಎರಡನೇ ವಾರದ ಹೊತ್ತಿಗೆ ಹತ್ತೊಂಬತ್ತು ಕಾರ್ಡು ಹೋಗಿದ್ದವು. ಹೆಚ್ಚಿನವು ಕಾಲೇಜು ಹುಡುಗರಿಗೆ. ಲೆಕ್ಕ ಹೇಳುವುದರಲ್ಲಿ ಅವನು ನಿಸ್ಸೀಮ. ಹನ್ನೆರಡು ಆರುನೂರಲೆ ಏಳು ಸಾವಿರದ ಇನ್ನೂರು, ನೀವು ಕೊಡೋದು ಐದು ಸಾವಿರ, ಉಳಿದದ್ದರಲ್ಲಿ ಹೆಡ್‌ಫೋನ್ ಬರುತ್ತೆ ಎಂದು ಗಟಗಟನೆ ಹೇಳುತ್ತಿದ್ದ.

ಆ ವಾರದ ಶನಿವಾರ ಎಂದಿನಂತೆ ಟೀಚರ್ ಬಂದರು. ಅವರೇ ಮಾತು ತೆಗೆದರು.

"ಧರ್ಮೇಂದ್ರ, ವರ್ಷದ್ದು ಮಾಡಿಸಿಬಿಡೋಣ ಅಂತ. ಐದು ತಿಂಗಳಿಗೆ ಮೂರು ಸಾವಿರ ಕಟ್ಟಿದ್ದೀನಿ, ಒಂಬತ್ತು ಆಟ ಆಯ್ತು. ಹಳೇ ಡಿಸ್ಕ್ ಕೊಂಡು ಮಾರಿದ್ದಿದ್ರೆ ನಾಲ್ಕೂವರೆ ಸಾವಿರ ಆಗ್ತಿತ್ತು. ಇದೇ ವೇಗದಲ್ಲಿ ಹೋದ್ರೆ ವರ್ಷದ ಕಾರ್ಡಿಂದ ಇನ್ನೂ ಲಾಭ. ಒಂದೇ ಒಂದು ನನ್ನ ಲೆಕ್ಕಕ್ಕೆ ಸಿಗದೇ ಇರೋದು. ಇನ್ನೊಂದು ವರ್ಷ ನೀವು ಈ ಸ್ಕೀಮ್ ನಡೆಸ್ತೀರ ತಾನೆ?"

ಧರ್ಮೇಂದ್ರ ಕೈಯಲ್ಲಿದ್ದ ಡಿಸ್ಕಿನ ಡಬ್ಬಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಡೆಸ್ತೀವಿ ಟೀಚರ್," ಎಂದ.

"ಸರಿ, ನೀನು ಹೇಳಿದ ಮೇಲೆ ಮುಗೀತು," ಎಂದು ಅವರು ನನ್ನ ಕಡೆ ತಿರುಗಿ ಬ್ಯಾಂಕಿನ ಕಾರ್ಡು ಚಾಚಿದರು. ನಾನು ತೆಗೆದುಕೊಂಡೆ, ಐದು ಸಾವಿರ ಒತ್ತಿದೆ, ಪಿನ್ ಹಾಕಿ ಎಂದು ಯಂತ್ರ ತಿರುಗಿಸಿದೆ. ಅಂಗಡಿ ತುಂಬ ಜನ ಇರಲಿಲ್ಲ, ಯಜಮಾನರೂ ಇರಲಿಲ್ಲ. ಬೇಡ ಟೀಚರ್ ಎನ್ನಲು ಎರಡು ಪದ ಸಾಕಿತ್ತು. ನಾನೂ ಹೇಳಲಿಲ್ಲ.

ಅವರು ಹೋದ ಮೇಲೆ ಧರ್ಮೇಂದ್ರ ನನ್ನ ಮುಖ ನೋಡಲಿಲ್ಲ. ಯಜಮಾನರಿಗೆ ಫೋನ್ ಮಾಡಿ ಇಪ್ಪತ್ತಾಯಿತು ಎಂದು ಹೇಳಿದ.

ಏಪ್ರಿಲ್ ಒಂದಕ್ಕೆ ಸ್ಕೀಮ್ ನಿಂತಿದೆ ಎಂಬ ಬೋರ್ಡು ಬಿತ್ತು. ಕಾಲೇಜು ಹುಡುಗರು ಬಂದು ಕೂಗಾಡಿದರು, ಒಬ್ಬ ಧರ್ಮೇಂದ್ರನ ಕಾಲರ್ ಹಿಡಿದ. ಯಜಮಾನರು ಕೆಳಗಿನ ಕ್ಯಾಬಿನ್ನಿನಲ್ಲೇ ಕೂತು, ಎಲ್ಲರಿಗೂ ಐನೂರು ರೂಪಾಯಿಯ ಕೂಪನ್ ಕೊಟ್ಟು ಕಳಿಸು ಎಂದರು. ಅದೂ ಎರಡು ಸಾವಿರಕ್ಕಿಂತ ಮೇಲೆ ಸಾಮಾನು ಕೊಂಡರೆ ಮಾತ್ರ.

ಆ ವಾರದ ಶನಿವಾರ ಟೀಚರ್ ಬಂದು ಬೋರ್ಡನ್ನು ಪೂರ್ತಿ ಓದಿದರು. ಕೈಯಲ್ಲಿದ್ದ ಡಿಸ್ಕನ್ನು ಕೌಂಟರಿನ ಮೇಲೆ ಇಟ್ಟರು.

"ಅವತ್ತು ನಿನಗೆ ಗೊತ್ತಿತ್ತಾ?" ಎಂದು ಕೇಳಿದರು.

"ಇಲ್ಲ ಟೀಚರ್. ನಮಗೂ ಈಗಲೇ ಹೇಳಿದ್ದು."

ಟೀಚರ್ ನನ್ನ ಕಡೆ ನೋಡಿದರು. "ನಿನಗಮ್ಮಾ?"

ನಾನು ಕೀಬೋರ್ಡು ನೋಡಿದೆ. ಅಷ್ಟರಲ್ಲೇ ಅವರಿಗೆ ಅರ್ಥವಾಯಿತು. ಕೂಪನ್ ಚಾಚಿದ ಧರ್ಮೇಂದ್ರನ ಕೈಯನ್ನು ಅವರು ನೋಡಲೂ ಇಲ್ಲ, ಮೆಟ್ಟಿಲು ಇಳಿದು ಹೋದರು.

ಜೂನಿನಲ್ಲಿ ಭದ್ರಾವತಿಯಲ್ಲಿ ಬ್ರಾಂಚ್ ಆಯಿತು. ಇನ್‌ಚಾರ್ಜ್ ಆದವನು ಯಜಮಾನರ ಹೆಂಡತಿಯ ಕಡೆಯವನು. ನಮ್ಮ ಅಂಗಡಿಯ ಗೇಮ್ ವಿಭಾಗವನ್ನು ತೆಗೆದು ಅಲ್ಲಿ ಮಿಕ್ಸಿ ಜೋಡಿಸಿದರು. ಧರ್ಮೇಂದ್ರನನ್ನು ಕೆಳಗೆ ಮೊಬೈಲ್ ಕವರ್ ಮಾರಲು ಹಾಕಿದರು. ಅವನು ಯಜಮಾನರನ್ನೇ ಹೋಗಿ ಕೇಳಿದ್ದಕ್ಕೆ, "ಇಪ್ಪತ್ತು ಕಾರ್ಡು ಮಾರಿದ್ಯ ಸರಿ. ಇಪ್ಪತ್ತು ಜನರ ಹತ್ರಾನೂ ಹೆಸರು ಕೆಡಿಸ್ಕೊಂಡಿದ್ಯಲ್ಲ. ನಿನ್ನನ್ನ ಹೊಸ ಅಂಗಡಿಯಲ್ಲಿ ಎದುರಿಗೆ ನಿಲ್ಲಿಸೋಕಾಗುತ್ತಾ?" ಎಂದರಂತೆ.

ಅದಾದ ಮೇಲಿನ ಭಾನುವಾರ ಅವನು ನನಗೆ ಫೋನ್ ಮಾಡಿದ. "ಹೊಸಮನೆಗೆ ಹೋಗ್ತಿದ್ದೀನಿ, ಟೀಚರ್ ಮನೆಗೆ. ನೀನೂ ಬಾ ಮಾರಾಯ್ತಿ, ಒಬ್ಬನಿಗೇ ಹೋಗೋಕಾಗ್ತಿಲ್ಲ."

ಇಪ್ಪತ್ತು ಕಾರ್ಡಿನ ಕಮಿಷನ್ ಮೂರು ಸಾವಿರಕ್ಕೆ ಸಂಬಳದ ಎರಡು ಸಾವಿರ ಸೇರಿಸಿ ಲಕೋಟೆಯಲ್ಲಿ ಇಟ್ಟುಕೊಂಡಿದ್ದ. ಟೀಚರ್ ಬಾಗಿಲು ತೆಗೆದು ಒಳಗೆ ಕೂರಿಸಿದರು. ಹಾಲಿನಲ್ಲಿ ಟಿವಿ, ಅದರ ಕೆಳಗೆ ಆಟದ ಯಂತ್ರ, ಅದರ ಮೇಲೆ ಮಡಿಸಿಟ್ಟ ಟವಲು. ಒಳಕೋಣೆಯಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು.

"ನನಗೆ ಗೊತ್ತಿತ್ತು ಟೀಚರ್," ಎಂದ ಧರ್ಮೇಂದ್ರ. ಬ್ರಾಂಚಿನ ಆಸೆ, ಇಪ್ಪತ್ತು ಕಾರ್ಡು, ಅಪ್ಪನ ಮಂಡಿ, ಎಲ್ಲ ಒಂದೇ ಉಸಿರಿಗೆ ಹೇಳಿ ಲಕೋಟೆ ಕೊಟ್ಟ.

ಟೀಚರ್ ಅದನ್ನು ಬಿಡಿಸಿ ಎಣಿಸಿದರು. "ಉಳಿದ ಹತ್ತೊಂಬತ್ತು ಜನಕ್ಕೂ ಕೊಟ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ನನಗೊಬ್ಬಳಿಗೇ ಯಾಕೆ?"

"ನೀವು ಬಾಯಿಬಿಟ್ಟು ಕೇಳಿದ್ರಿ ಟೀಚರ್. ಅವರು ಕೇಳಿರ್ಲಿಲ್ಲ."

"ಕೇಳದೇ ಇದ್ದವರಿಗೆ ಮಾಡಿದ್ದು ಮೋಸ ಅಲ್ವಾ ಹಾಗಾದ್ರೆ?"

ಅವರು ಎದ್ದು ಒಳಗೆ ಹೋಗಿ ಆರುನೂರು ರೂಪಾಯಿ ತಂದರು. "ಮಾರ್ಚಿನಲ್ಲಿ ನಾನು ಡಿಸ್ಕ್ ತಗೊಂಡು ಆಡಿದ್ದೀನಿ. ಆ ತಿಂಗಳದ್ದು ಇದು. ಇಟ್ಕೋ."

"ಬೇಡ ಟೀಚರ್, ಅದೆಲ್ಲ ಯಾಕೆ..."

"ಇಟ್ಕೋ ಅಂದೆ. ನಿನ್ನ ಹತ್ರ ನನ್ನದೇನೂ ಇರಬಾರದು, ನನ್ನ ಹತ್ರ ನಿನ್ನದೂ ಇರಬಾರದು."

ಅವನು ಇಟ್ಟುಕೊಂಡ. ಬೈಸಿಕೊಳ್ಳಲು ಸಿದ್ಧನಾಗಿ ಬಂದಿದ್ದ. ಹೋಗಲಿ ಬಿಡು ಎನ್ನಬಹುದು ಎಂದು ಒಳಗೊಳಗೇ ಆಸೆಯೂ ಇತ್ತೇನೋ. ಎರಡೂ ಆಗಲಿಲ್ಲ. ಎದ್ದು ನಿಂತವನು ಯಂತ್ರದ ಕಡೆ ನೋಡಿ, "ಈಗ ಆಡ್ತಿಲ್ವಾ?" ಎಂದು ಕೇಳಿದ.

"ಶನಿವಾರ ಹಾಲಮ್ಮನಿಗೆ ಬರಬೇಡ ಅಂದಿದ್ದೀನಿ," ಎಂದರು ಟೀಚರ್. "ಪೇಟೆಯಲ್ಲಿ ನನಗೇನು ಕೆಲಸ ಈಗ?"

ಒಳಗಿನಿಂದ ತಾಯಿ ನರಳಿದ ಸದ್ದು ಬಂತು. ಟೀಚರ್ ನಮ್ಮನ್ನು ಕಳಿಸಿಕೊಡಲು ಬಾಗಿಲವರೆಗೂ ಬರಲಿಲ್ಲ. ನಾವೇ ಬಾಗಿಲು ಎಳೆದುಕೊಂಡು ಬಂದೆವು. ಬಸ್ ಸ್ಟ್ಯಾಂಡಿನವರೆಗೂ ನಡೆದೇ ಹೋದೆವು. ಭದ್ರಾವತಿ ಬಸ್ಸು ಹತ್ತುವಾಗ, "ಬೈದಿದ್ರೆ ಚೆನ್ನಾಗಿತ್ತು," ಎಂದ.

ಮುಂದಿನ ತಿಂಗಳು ಅವನು ಕೆಲಸ ಬಿಟ್ಟ. ಈಗ ಭದ್ರಾವತಿಯಲ್ಲೇ ಪಾರ್ಸೆಲ್ ಹಂಚುವ ಕೆಲಸ. ಅಪ್ಪನಿಗೆ ಆಸರೆಯಾಗುವ ಮಗನಾಗಬೇಕು ಎಂದು ಒದ್ದಾಡಿದ್ದ. ಕೆಲಸ ಮನೆಯ ಹತ್ತಿರ ಸಿಕ್ಕ ಎರಡೇ ತಿಂಗಳಿಗೆ ಉಜ್ಜನಪ್ಪ ತೀರಿಕೊಂಡರು. ತಿಥಿಗೆ ನಾನು ಹೋಗಿದ್ದೆ. ಹಿಂದಿನ ಗೇಮ್ ಪಾರ್ಲರ್ ಗೆಳೆಯರು ಒಬ್ಬಿಬ್ಬರು ಬಂದಿದ್ದರು. ಒಬ್ಬ ತನ್ನ ಫೋನಿನಲ್ಲಿ ಯಾವುದೋ ಹೊಸ ಆಟ ತೋರಿಸಲು ಹೋದ. ಧರ್ಮೇಂದ್ರ ಪರದೆಯ ಕಡೆ ನೋಡದೆ, ಎಲೆ ಹಾಕೋಕೆ ಹೊತ್ತಾಯಿತು ಎಂದು ಎದ್ದುಹೋದ.

ನಾನು ಅದೇ ಕೌಂಟರಿನಲ್ಲಿದ್ದೇನೆ. ಯಜಮಾನರು ಈಗ ಮಿಕ್ಸಿಗೆ ಮೂರು ವರ್ಷದ ಹೆಚ್ಚುವರಿ ಗ್ಯಾರಂಟಿ ಎಂದು ಎಂಟುನೂರು ರೂಪಾಯಿಯ ಕಾರ್ಡು ತಂದಿದ್ದಾರೆ. ಮೊನ್ನೆ ಒಬ್ಬಾಕೆ, "ಇದು ತಗೊಂಡ್ರೆ ಉಪಯೋಗ ಇದೆಯಾಮ್ಮ?" ಎಂದು ನನ್ನನ್ನೇ ಕೇಳಿದರು. ಉಪಯೋಗವಿಲ್ಲ ಎಂಬ ಉತ್ತರ ನನಗೆ ಗೊತ್ತಿತ್ತು. ಪಕ್ಕದ ಕೌಂಟರಿನಲ್ಲಿ ವಿಚಾರಿಸಿ ಎಂದು ಕಳಿಸಿದೆ.