ಸುಳ್ಳು ಕೆಮ್ಮು

ಮೊನ್ನೆ ಕುರುಗೋಡು ಬಸ್ ಸ್ಟ್ಯಾಂಡಿನಾಗ ಕುಂತು ಕರ್ಚೀಫಿಗಂತ ಜೇಬಿನಾಗ ಕೈ ಹಾಕಿದ್ರ ಶುಂಠಿ ವಾಸನಿ ಹೊಡೀತು. ಹಳೇ ಕೆಮ್ಮಿನ ಗುಳಿಗಿ. ನನಗ ಕೆಮ್ಮಿಲ್ಲ ಬಿಡ್ರಿ. ಆದ್ರ ಬಳ್ಳಾರಿಯ ಅರ್ಧ ಮೆಡಿಕಲ್ ಶಾಪಿನವ್ರು ನನ್ನ ಎದಿ ಪೂರ್ತಿ ಹಾಳಾಗೈತಿ ಅಂತ ನಂಬ್ಯಾರ.

ಹೆಂಗಂದ್ರ, ಐಟಿಐ ಓದೋ ಮುಂದ ನಾನು, ಯರ್ರಿಸ್ವಾಮಿ ಬಳ್ಳಾರಿಯಾಗ ಒಂದಾ ರೂಮಿನಾಗ ಇದ್ವಿ. ಇಬ್ಬರೂ ಸಿರುಗುಪ್ಪದವ್ರು. ಅವಗ ಕುರುಗೋಡಿನ ನಾಗವೇಣಿ ಜೋಡಿ ಪ್ರೀತಿ ಆತು. ಒಂದಿನ, "ಲೇ, ನಿನ್ನ ಬಾಯಿ ದೊಡ್ಡದು. ಕಾಂಡೋಮ್ ತಂದುಕೊಡಲೇ," ಅಂದ. ನಾನು ದಂಡಿಗೆ ಹೊಂಟವ್ರಂಗ ಎದಿ ಉಬ್ಬಿಸಿ ಹೊಂಟೆ.

ಅಂಗಡಿಯಾಗ ನಮ್ಮ ಓಣಿ ಶರಣಮ್ಮತ್ತಿ! ಸಿರುಗುಪ್ಪದಿಂದ ಬಂದು ಬಿಪಿ ಗುಳಿಗಿ ತಗೊಳ್ಳಾಕತ್ತಿದ್ಲು.

"ಏನು ಬೇಕಪ?"

"ಕಾ... ಕ... ಕೆಮ್ಮು, ಅಣ್ಣ."

ಮುಂದಿನ ಅಂಗಡಿಯಾಗ ಕೌಂಟರಿಗೆ ಹುಡುಗಿ ನಿಂತಿದ್ಲು. ಅಲ್ಲೂ ಕೆಮ್ಮು. ಅದರ ಮುಂದಿನವ, "ಯಾರ ಮಗನಪ ನೀನು?" ಅಂದುಬಿಟ್ಟ. ಅಲ್ಲಂತೂ ಕೆಮ್ಮಿ ತೋರಿಸಿ ಬಂದೆ.

ಗುಳಿಗಿ ರಾಶಿ ನೋಡಿ ಯರ್ರಿ ಬಿದ್ದು ಬಿದ್ದು ನಕ್ಕ. ಒಂದು ಬಾಯಿಗೆ ಹಾಕ್ಕೊಂಡು, "ಹೋಗ್ಲಿ ಬಿಡಲೇ. ಆಕಿ ಹುಷಾರದಾಳ, ನಾನೂ ಹುಷಾರದೀನಿ. ಏನಾಗ್ತೈತಿ?" ಅಂದ.

ಈ 'ಹುಷಾರು' ಅನ್ನೋ ಮಾತು ನಮ್ಮ ಕಡಿ ಬಾಳ ದುಡೀತೈತಿ ನೋಡ್ರಿ. ಜಡ್ಡಿಲ್ಲದವ ಹುಷಾರು, ಶಾಣ್ಯಾನೂ ಹುಷಾರು, ಬಸ್ ಹತ್ತೋ ಮುಂದ ಅವ್ವ ಹೇಳೋದೂ ಹುಷಾರು. ಸಾಲ್ಯಾಗ ಎಚ್‌ಐವಿ ಪಾಠ ಬಂದಾಗ ನಮ್ಮ ಸರ್ ಹುಡುಗ್ಯಾರ ಕಡಿ ನೋಡಿ, ಕೆಂಪಗಾಗಿ, "ಇದನ್ನ ಮನ್ಯಾಗ ಓದ್ಕೊಳ್ರಿ. ವಯಸ್ಸಿಗೆ ಬಂದೀರಿ, ಹುಷಾರಾಗಿರ್ರಿ," ಅಂದು ಹಾಳಿ ತಿರುವಿದ್ರು. ಯಾವುದಕ್ಕ ಹುಷಾರು ಅಂತ ಅವ್ರು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಆ ಜಡ್ಡು ಇದ್ದವ್ರ ಮುಖ ನೋಡಿದ್ರ ತಿಳೀತೈತಿ ಅನ್ಕೊಂಡಿದ್ವಿ. ಅಷ್ಟು ಹುಷಾರ್ ಹುಡುಗ್ರು ನಾವು!

ಹೋದ ತಿಂಗಳು ತನ್ನ ಅಕ್ಕನ ಹೆರಿಗಿಗೆ ಯರ್ರಿ ರಕ್ತ ಕೊಟ್ಟ. ಆಸ್ಪತ್ರಿಯವ್ರು ತಿರುಗಿ ಕರೆಸಿ, ಇನ್ನೊಮ್ಮಿ ಪರೀಕ್ಷೆ ಮಾಡಿ ಹೇಳಿದ್ರು: ಎಚ್‌ಐವಿ. ದಿನಾ ಗುಳಿಗಿ ತಪ್ಪಿಸದಂಗ ತಗೊಂಡ್ರ ಎಲ್ಲಾರಂಗ ಬದುಕಬಹುದು ಅಂತಾನೂ ಹೇಳಿದ್ರು. ಅವ ತಗೊಳ್ಳಾಕತ್ತಾನ. ಯಾರಿಂದ ಯಾರಿಗೆ ಬಂತೋ, ಆ ಪಂಚಾಯ್ತಿ ನಮಗ ಬ್ಯಾಡ. ಆದ್ರ ನಾಗವೇಣಿನೂ ಪರೀಕ್ಷೆ ಮಾಡಿಸ್ಬೇಕು. ಆಕಿಗಿನ್ನೂ ಏನೂ ಗೊತ್ತಿಲ್ಲ. ಅದನ್ನ ಹೇಳಾಕಾ ಅವತ್ತು ಕುರುಗೋಡಿಗೆ ಬಂದು ಕುಂತಿದ್ವಿ.

"ಲೇ, ಸ್ವಲ್ಪ ಹುಷಾರಿಲ್ಲ, ನೀನೂ ಒಮ್ಮಿ ತೋರಿಸ್ಕೊ ಅಂದ್ರ ಸಾಕಲ್ಲ?" ಅಂದ ಯರ್ರಿ.

"ಬ್ಯಾಡಲೇ. ಹೆಸರು ಹಿಡಿದು ಹೇಳು."

"ಎ... ಎಚ್..." ಅಂದವನಾ ಕೆಮ್ಮಾಕತ್ತಿದ. ಖರೇನ ಕೆಮ್ಮು. ನಾನು ಗುಳಿಗಿ ಬಿಚ್ಚಿ ಅವನ ಕೈಯಾಗ ಇಟ್ಟೆ, ಅವ ಬಾಯಿಗೆ ಹಾಕ್ಕೊಂಡ. ಆವಾಗ ಅಂಗಡಿಯಾಗ ನನ್ನ ನಾಲಿಗಿ ತೊದಲದಿದ್ರ ಅಂತ ಅನ್ನಿಸ್ತು. ನಗು ಬರ್ಲಿಲ್ಲ.

ಅಷ್ಟರಾಗ ನಾಗವೇಣಿ ಬಸ್ ಇಳಿದು ನಕ್ಕೋತ ಬಂದ್ಲು. "ಯಾಕ್ರಪ, ಇಬ್ಬರೂ ಹಿಂಗ ಕುಂತೀರಿ? ಹುಷಾರದೀರಿಲ್ಲ?"

ನನ್ನ ದೊಡ್ಡ ಬಾಯಿ "ಹ್ಞೂಂ" ಅನ್ನಾಕ ತೆರದಿತ್ತು.

ಯರ್ರಿ ಗುಳಿಗಿ ಉಗುಳಿದ.

"ಇಲ್ಲ, ನಾಗಿ. ಕುಂದ್ರು, ಹೇಳ್ತೀನಿ."