ಕೆಂಪು ದಾರದ ಹೂವು

ಕುಪ್ಪೇಲೂರಿನ ಉಚ್ಚಂಗೆವ್ವನ ಎದುರಿಗೆ ಹವಾಮಾನ ಬದಲಾವಣೆ ಎಂದು ಬಾಯಿ ಬಿಟ್ಟವರು ಮರ್ಯಾದೆ ಉಳಿಸಿಕೊಂಡು ಹೋದದ್ದಿಲ್ಲ. ಹದಿನೆಂಟು ವರ್ಷದಿಂದ ರಾಣೆಬೆನ್ನೂರಿನ ಸುತ್ತಲಿನ, ಬಲೆ ಹೊದಿಸಿದ ನೆಟ್‌ಹೌಸುಗಳಲ್ಲಿ, ಬೀಜದ ಕಂಪನಿಗಳಿಗಾಗಿ ಮೆಣಸಿನ ಹೂವಿಗೆ ಕ್ರಾಸಿಂಗ್ ಮಾಡಿದ ಕೈ ಅವಳದು. ಸಂಜೆ ಮೊಗ್ಗು ಬಿಡಿಸಿ ಚಿಮಟದಿಂದ ಗಂಡು ಕೇಸರ ಕೀಳಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಿ ತೊಟ್ಟಿಗೆ ದಾರ ಕಟ್ಟಬೇಕು. ಕೆಲಸದ ಹೆಂಗಸರಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ದಾರ. ಕಾಯಿ ಕಚ್ಚದಿದ್ದರೆ ಯಾರ ಕೈ ಕೆಟ್ಟದ್ದೆಂದು ಕೂಡಲೇ ತಿಳಿಯಬೇಕಲ್ಲ! ಈ ಕಾನೂನು ಮಾಡಿದವಳೂ ಉಚ್ಚಂಗೆವ್ವನೇ. ಅವಳ ದಾರ ಕೆಂಪು.

ಮಾರ್ಚ್‌ನಲ್ಲಿ ಕಂಪನಿಯ ಸಾಹೇಬ ಹನುಮೇಶ ಬಂದು ಭಾಷಣ ಬಿಗಿದ. ಭೂಮಿ ಬಿಸಿಯಾಗುತ್ತಿದೆಯಂತೆ, ಹೀಗೇ ಹೋದರೆ ಜೀವಸಂಕುಲವೇ ನಾಶವಂತೆ. ಅಷ್ಟು ಹೊತ್ತೂ ಅವನ ಕಾರು ಹೊರಗೆ ಏಸಿ ಹಾಕಿಕೊಂಡು ಗುರುಗುಡುತ್ತಲೇ ಇತ್ತು.

“ಜಗತ್ತು ಮುಳಗೂದಿದ್ರ ಮೊದ್ಲ ಆ ಗಾಡಿ ಬಂದ್ ಮಾಡ್ರಿ ಸಾಹೇಬ್ರ,” ಎಂದಳು ಉಚ್ಚಂಗೆವ್ವ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಹನುಮೇಶನ ಮುಖ ಸಣ್ಣದಾಯಿತು. “ಎಲ್ಲಾ ಜೀವ ಸಾಯೂದಿಲ್ಲವ್ವ, ಇರಿವಿ ಹುಳಾ ಹೆಂಗರ ಉಳೀತಾವು. ಆದ್ರ ಬಿಸಿಲು ಹಿಂಗ ಏರಿದ್ರ ಮೆಣಸಿನ ಪರಾಗ ಸಾಯ್ತೈತಿ. ಅದಂತೂ ಖರೇ.”

“ನಾಳೆ ಹೂವಿಗೆ ಜ್ವರ ಬಂದೈತಿ, ಸಲೈನ್ ಹಚ್ರಿ ಅಂತೀರಿ! ಕೈ ಸರಿ ಇದ್ರ ಕಾಯಿ ಕಚ್ಚತೈತ್ರಿ, ಅಷ್ಟ.”

ಹತ್ತೇ ದಿನಕ್ಕೆ ಪಡುವಣದ ಸಾಲಿನಲ್ಲಿ ಹೂವು ಉದುರಿದವು. ಎಲ್ಲಕ್ಕೂ ಹಸಿರು ದಾರ. ಅದು ಅವಳ ತಂಗಿಯ ಮಗಳು ಶಿಲ್ಪಾಳ ಬಣ್ಣ. ಈ ವರ್ಷವಷ್ಟೇ ಕೆಲಸಕ್ಕೆ ಬಂದ ಹುಡುಗಿ, ಕಲಿಸಿದವಳು ಈ ದೊಡ್ಡವ್ವನೇ.

“ಬಿಸಿಲಿಗೆ ಉದುರ್ಯಾವ ದೊಡ್ಡವ್ವ. ಮಧ್ಯಾಹ್ನ ಇಲ್ಲಿ ನಿಂದ್ರಾಕ ಆಗಂಗಿಲ್ಲ.”

“ಬಿಸಿಲಿನ ಮ್ಯಾಲೆ ಹಾಕ್ತೀಯೇನ? ನಿನ್ನ ಕೈ ಸೇದಿ ಹೋಗ್ಲಿ!” ಉಚ್ಚಂಗೆವ್ವ ಎಲ್ಲರೆದುರು ಚಿಮಟ ಕಸಿದುಕೊಂಡಳು. ಶಿಲ್ಪಾ ಬಸ್ಸು ಹತ್ತಿದಳು. ಅವಳ ಕೈ ಕೆಟ್ಟದ್ದೆಂಬ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತು. ಇನ್ನು ಯಾವ ನೆಟ್‌ಹೌಸಿನವರೂ ಅವಳನ್ನು ಕರೆಯುವಂತಿರಲಿಲ್ಲ.

ನೀರಿನ ಟಾಕಿಯ ಮಗ್ಗುಲಿನ ನೆರಳಿನ ಸಾಲನ್ನು ಹಿರಿತನದ ಮೇಲೆ ತಾನೇ ಹಿಡಿದುಕೊಂಡದ್ದು ಮಾತ್ರ ಈ ಮಹಾತಾಯಿಗೆ ನೆನಪಾಗಲಿಲ್ಲ. ಮುಂದಿನ ವಾರ ಬಿಸಿಲು ಇನ್ನೂ ಏರಿತು. ಒಂದು ಬೆಳಿಗ್ಗೆ ನೋಡಿದರೆ ಟಾಕಿಯ ಬುಡದ ತುಂಬ ಕೆಂಪು ದಾರದ ಹೂವು! ಆಗ ಅವಳು ಮಾಡಿದ್ದೇನು? ಯಾರೂ ಬರುವ ಮೊದಲೇ ಗಬಗಬ ಆರಿಸಿ ಉಡಿಗೆ ಹಾಕಿಕೊಂಡಳು. ಆದರೆ ಆರಿಸುತ್ತಿರುವಾಗಲೇ ಇನ್ನೆರಡು ಬಿದ್ದವು. ಗಿಡ ಮುಟ್ಟಿದರೆ ಮತ್ತೆ ನಾಲ್ಕು. ತನ್ನ ಕೈ ತಪ್ಪಿಲ್ಲವೆಂದು ದೇವರಾಣೆ ಗೊತ್ತಿತ್ತು. ಹಾಗಾದರೆ ಹುಡುಗಿಯದೂ ತಪ್ಪಿರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

ಸಂಜೆ ಬಸ್ಸಿಳಿದವಳೇ ಸೀದಾ ತಂಗಿಯ ಮನೆಗೆ ಹೋದಳು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕುಳಿತಿದ್ದರು. ಅವರೆದುರೇ ಉಡಿ ಬಿಚ್ಚಿ ಉದುರಿದ ಹೂವನ್ನೆಲ್ಲ ಸುರಿದಳು.

ಶಿಲ್ಪಾ ಒಂದು ಕೆಂಪು ದಾರ ಎತ್ತಿ ನೋಡಿದಳು. “ಈಗ ಯಾರ ಕೈ ಸೇದಿ ಹೋಗ್ಬೇಕು, ದೊಡ್ಡವ್ವ?”

ಉಚ್ಚಂಗೆವ್ವ ಸೊಂಟದಿಂದ ಹುಡುಗಿಯ ಚಿಮಟ ತೆಗೆದು ಅವಳ ಕೈಗೆ ಇಟ್ಟಳು. “ತಪ್ಪಾತವ್ವ. ನಾಳೆ ಬಾ. ನೆರಳಿನ ಸಾಲು ನೀನ ಹಿಡಿ.”

ಶಿಲ್ಪಾ ಚಿಮಟವನ್ನು ಹಿಂದಕ್ಕೆ ಕೊಟ್ಟಳು.

“ಬಂದು ಏನ್ ಮಾಡ್ಲಿ? ಮುಟ್ಟಾಕ ಹೂವರ ಎಲ್ಲಿ ಉಳದಾವ?”