ಗಾಯದ ಸೊಪ್ಪು, ಅವ್ವನ ಕೈ

ಆಗ ನಮಗೆ ಆಟಕ್ಕೂ ಮೇವಿಗೂ ಮದ್ದಿಗೂ ಒಂದೇ ಗಿಡ ಸಾಕಾಗುತ್ತಿತ್ತು. ಹನಗೋಡಿನ ಹತ್ತಿರದ ನಮ್ಮೂರಲ್ಲಿ ಅದನ್ನು ಗಾಯದ ಸೊಪ್ಪು ಅನ್ನುತ್ತಿದ್ದೆವು. ನೆಲಕ್ಕೆ ಅಂಟಿಕೊಂಡು ಹಬ್ಬುವ ಒರಟು ಎಲೆ, ಗೇಣುದ್ದದ ದಂಟಿನ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಹಳದಿ ಹೂ. ದಂಟನ್ನೇ ಕುಣಿಕೆ ಮಾಡಿ ಎಳೆದರೆ ಹೂವು ಟಪ್ಪನೆ ಹಾರುತ್ತಿತ್ತು. ದೂರ ಹಾರಿಸಿದವರು ಗೆದ್ದಂತೆ. ಎಲೆಯನ್ನು ಇದ್ದಿಲಿನ ಜೊತೆ ಅರೆದು ಶಾಲೆಯ ಕಪ್ಪುಹಲಗೆಗೆ ಬಳಿಯುತ್ತಿದ್ದೆವು. ಮಿಕ್ಕಿದ್ದು ಮನೆಯ ಮೊಲಗಳಿಗೆ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಹೊಗೆಸೊಪ್ಪು ಬೇಯಿಸುವ ಕಾಲದ ಒಂದು ಮಧ್ಯಾಹ್ನ, ಅವ್ವನ ಜೊತೆ ಹುಲ್ಲು ಕುಯ್ಯಲು ಹೊಲಕ್ಕೆ ಹೋದೆ. ಅಪ್ಪ ಊರಾಚೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ಆರದಂತೆ ಕಾಯುತ್ತಿದ್ದ. ಅವ್ವನಿಗೆ ಆಗ ಏಳು ತಿಂಗಳು. ಮಳೆ ಬಿದ್ದು ಬದು ಜಾರುತ್ತಿತ್ತು.

"ನೀನು ಕುತ್ಕೊಳವ್ವ, ನಾನ್ ಕುಯ್ತೀನಿ" ಅಂದೆ.

"ನಿಂಗೆ ಕುಡ್ಲು ಹಿಡಿಯಾಕ್ ಬರಾಕಿಲ್ಲ, ಬುಡು ಕಣೇ."

ಸ್ವಲ್ಪ ಹೊತ್ತಿಗೆ ಅವ್ವ ಜಾರಿದಳು. ಹೊಟ್ಟೆ ನೆಲಕ್ಕೆ ತಾಗಬಾರದೆಂದು ಎಡಗೈ ಊರಿದಳು. ಬಲಗೈಯಲ್ಲಿದ್ದ ಕುಡುಗೋಲು ಆ ಮಣಿಕಟ್ಟಿಗೇ ಬಿತ್ತು.

"ಗಾಯದ ಸೊಪ್ಪು ತತ್ತಾ ಮಗ, ಓಡು."

ಆ ಬದುವನ್ನು ಆಡುಗಳು ಬೋಳಾಗಿ ಮೇದಿದ್ದವು. ಪಕ್ಕದ ಹೊಲಕ್ಕೆ ಓಡಿ ಬೇರು ಸಮೇತ ಕಿತ್ತುಕೊಂಡು ಬರುವಷ್ಟರಲ್ಲಿ ಅವ್ವನ ಸೆರಗು ಪೂರಾ ಕೆಂಪಾಗಿತ್ತು. ಅಂಗೈಯಲ್ಲಿ ಎಲೆ ಉಜ್ಜಿ ರಸ ಹಿಂಡಿದೆ. ಅವ್ವ ಹಲ್ಲು ಕಚ್ಚಿದಳು. ಹಿಂದೆಲ್ಲ ನನ್ನ ಮೊಣಕಾಲಿನ ತರಚುಗಾಯದ ರಕ್ತ ಈ ರಸದ ಎರಡು ಹನಿಗೇ ನಿಲ್ಲುತ್ತಿತ್ತು. ಈ ರಕ್ತ ಎಲೆಯನ್ನೇ ತಳ್ಳಿಕೊಂಡು ಬಂತು. ಇನ್ನಷ್ಟು ಸೊಪ್ಪಿಟ್ಟು, ಅವ್ವನ ತಲೆಯ ಟವಲು ಸುತ್ತಿ, ಎರಡೂ ಕೈಯಿಂದ ಅದುಮಿ ಹಿಡಿದೆ. ಅದುಮಿದಾಗ ಹರಿವು ಕಡಿಮೆಯಾಗುತ್ತಿತ್ತು. ಕೈ ಸಡಿಲಿಸಿದರೆ ಮತ್ತೆ ಬರುತ್ತಿತ್ತು. ಯಾರನ್ನಾದರೂ ಕರೆತರಲು ಓಡಬೇಕು, ಆದರೆ ಕೈ ಬಿಡುವಂತಿಲ್ಲ. ಕೂಗಿದೆ. ಯಾರೂ ಓಗೊಡಲಿಲ್ಲ.

"ಎಬ್ಬಿಸು ನನ್ನ" ಅಂದಳು ಅವ್ವ. ಅವಳ ಕೈಯನ್ನು ಎತ್ತಿ ಹಿಡಿದುಕೊಂಡೇ ಇಬ್ಬರೂ ರಸ್ತೆವರೆಗೆ ತಡವರಿಸುತ್ತ ನಡೆದೆವು.

ಹುಣಸೂರಿನ ಬಾಳೆಕಾಯಿ ವ್ಯಾಪಾರಿ ರಫೀಕಣ್ಣನ ಲಗೇಜ್ ಆಟೋ ಬಂತು. ಅವನು ಗಕ್ಕನೆ ನಿಲ್ಲಿಸಿದ. ಗೊನೆಗಳನ್ನು ರಸ್ತೆ ಬದಿಗೆ ಇಳಿಸಿ, ಬಾಳೆ ಎಲೆಯ ಮೇಲೆ ಅವ್ವನನ್ನು ಮಲಗಿಸಿದ.

"ನೀನ್ ಕೈ ಬುಡ್ಬೇಡ ಮಗ. ದಾರಿ ನಾನ್ ನೋಡ್ಕೋತೀನಿ."

ಅರ್ಧ ದಾರಿಯಲ್ಲಿ ಅವ್ವ ಮೆಲ್ಲಗೆ ಹೇಳಿದಳು, "ಕೂಸು ಅಲ್ಲಾಡ್ತಾ ಇಲ್ಲ ಕಣೇ ಸವಿತಾ." ನನ್ನ ಬೆರಳು ಮರಗಟ್ಟಿದ್ದವು. ಅವಳ ಹೊಟ್ಟೆ ಮುಟ್ಟಿ ನೋಡಲೂ ನನಗೆ ಕೈಯಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಟವಲು ಬಿಚ್ಚಿ, "ಸೊಪ್ಪು ಯಾರಮ್ಮ ಇಟ್ಟಿದ್ದು?" ಅಂದರು. ನಾನು ಗೋಡೆಗೆ ಅಂಟಿಕೊಂಡೆ.

"ನನ್ ಮಗಳು" ಅಂದಳು ಅವ್ವ.

"ಮಣ್ಣೂ ಸೇರ್ಕೊಂಡಿದೆ, ಚೆನ್ನಾಗಿ ತೊಳೀಬೇಕು. ಆದ್ರೆ ಬಿಗಿಯಾಗಿ ಅದುಮಿದ್ದಾಳೆ, ಅದೇ ಉಳಿಸಿದ್ದು."

ಆಮೇಲೆ ಡಾಕ್ಟರು ಅವ್ವನ ಹೊಟ್ಟೆಯ ಮೇಲೆ ಕಿವಿಗೊಳವೆ ಇಟ್ಟು ಅತ್ತಿತ್ತ ಸರಿಸುತ್ತ ಆಲಿಸಿದರು. ಕೊನೆಗೆ ತಲೆಯಾಡಿಸಿ, "ಬಡೀತಾ ಇದೆ" ಅಂದರು. ರಫೀಕಣ್ಣ ಆಗಲೇ ಅಪ್ಪನನ್ನು ಕರೆತರಲು ಹೊರಟಿದ್ದ. ನಾನು ನೆಲದ ಮೇಲೆ ಕೂತು ಅತ್ತೆ.

ತಮ್ಮ ಹುಟ್ಟಿದ. ಅವ್ವನ ಎರಡು ಬೆರಳು ಮಾತ್ರ ಮತ್ತೆ ಪೂರ್ತಿ ಮಡಚಲಿಲ್ಲ. ಅವಳು ತೀರಿಹೋಗುವವರೆಗೂ ನನಗೆ ಜಡೆ ಹಾಕುವಾಗ ಆ ಬೆರಳುಗಳು ನೆಟ್ಟಗೆ ನನ್ನ ಕತ್ತಿಗೆ ತಾಗುತ್ತಿದ್ದವು.

ಹೋದ ಮಳೆಗಾಲ ಮಗಳನ್ನು ಆ ಹೊಲಕ್ಕೆ ಕರೆದೊಯ್ದೆ. ಕಳೆಗೆ ಔಷಧಿ ಹೊಡೆದು ಬದುಗಳೆಲ್ಲ ಸುಟ್ಟಂತೆ ಕಂದಾಗಿದ್ದವು. ಹುಡುಕಿದೆ, ಒಂದು ಗಿಡವೂ ಸಿಗಲಿಲ್ಲ.

"ಹೆಂಗಿರ್ತಿತ್ತು ಅಮ್ಮ?" ಅಂದಳು.

ಹೇಳತೊಡಗಿದೆ. ಒರಟು ಎಲೆ, ಉದ್ದ ದಂಟು, ಸಣ್ಣ ಹಳದಿ ಹೂ. ಹೇಳಿದಷ್ಟೂ ಅದು ಯಾವುದೋ ಒಂದು ಕಳೆಯಂತೆ ಕೇಳಿಸಿತು. ಅವಳು ತಲೆಯಾಡಿಸಿ ಮುಂದೆ ನಡೆದಳು.